ಬೋನು ಮುಚ್ಚಿದ ಮೇಲೆ

ತುಮಕೂರಿನ ಓದುಗರೊಬ್ಬರು ಬರೆದಿದ್ದಾರೆ:

"ನಮ್ಮದು ಹಳೆಯ ಬಾಡಿಗೆ ಮನೆ. ಮಳೆ ಶುರುವಾದಾಗಿನಿಂದ ಅಡುಗೆಮನೆಯಲ್ಲಿ ಇಲಿ ಕಾಟ. ನಮ್ಮ ಯಜಮಾನರು ಅಂಗಡಿಯಿಂದ ಅಂಟಿನ ಹಾಳೆ ತಂದಿಟ್ಟರು. ಒಂದು ಇಲಿಮರಿ ಅದರಲ್ಲಿ ಸಿಕ್ಕಿಕೊಂಡು ರಾತ್ರಿಯಿಡೀ ಕಿರುಚಿತು. ಯುಕೆಜಿಗೆ ಹೋಗುವ ಮಗ ನಿದ್ದೆ ಮಾಡಲಿಲ್ಲ. ಅತ್ತೆಯವರು ಬೆಳಗ್ಗೆ ಕಾಫಿ ಮುಟ್ಟಲಿಲ್ಲ. ಆಮೇಲೆ ನಾನೇ ಜೀವಂತ ಹಿಡಿಯುವ ಪ್ಲಾಸ್ಟಿಕ್ ಬೋನು ತರಿಸಿದೆ. ನಾಲ್ಕು ದಿನದಲ್ಲಿ ಮೂರು ಸಿಕ್ಕಿದವು. ಎದುರಿನ ಖಾಲಿ ಸೈಟಿನಲ್ಲಿ ಬಿಟ್ಟು ಬಂದೆ. ಐದನೇ ದಿನ ಮತ್ತೆ ಒಂದು ಬಂದಿದೆ. ಅದೇ ಇಲಿ ವಾಪಸ್ ಬಂದಿದೆ ಅಂತಾನೆ ಮಗ. ನೋವಾಗದ ಹಾಗೆ ಇಲಿ ಕಳಿಸುವುದು ನಿಜವಾಗಿ ಆಗುತ್ತಾ? ಅಥವಾ ಇದೆಲ್ಲ ನಮ್ಮ ಸಮಾಧಾನಕ್ಕಾ?"

ಆಗುತ್ತದೆ. ಆದರೆ ಅದರಲ್ಲಿ ಬೋನಿನ ಪಾಲು ಕಡಿಮೆ. ಬೋನಿನ ಬಾಗಿಲು ಮುಚ್ಚಿದ ಮೇಲೆ ಎಷ್ಟು ಬೇಗ ನೀವು ಎದ್ದು ಹೋಗಿ ನೋಡುತ್ತೀರಿ, ಇಲಿ ಬಂದ ತೂತನ್ನು ಯಾವಾಗ ಮುಚ್ಚುತ್ತೀರಿ ಅನ್ನುವುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಮನೆಯಲ್ಲೂ ಇಲಿ ಇತ್ತು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ತಂತಿಯ ಬೋನಿನ ಕೊಕ್ಕೆಗೆ ಕೊಬ್ಬರಿ ಚೂರು ಸಿಕ್ಕಿಸಿ, ಕೆಳಗೆ ಒಂದು ಹಳೆ ಪೇಪರ್ ಹಾಸಿ ಸ್ಟೋರ್ ರೂಮಿನಲ್ಲಿ ಇಟ್ಟಿದ್ದೆ. ಮಾರನೇ ದಿನ ನೆಂಟರ ಮದುವೆಗೆ ಹೊರಟೆವು. ಗಡಿಬಿಡಿಯಲ್ಲಿ ಬೋನು ಮರೆತೇ ಹೋಯಿತು. ಎರಡು ದಿನ ಬಿಟ್ಟು ಬಂದು ನೋಡಿದರೆ ಇಲಿ ಸತ್ತು ಬಿದ್ದಿತ್ತು. ಕೊಬ್ಬರಿ ಪೂರ್ತಿ ಮುಗಿದಿತ್ತು. ತಂತಿಗೆ ಉಜ್ಜಿ ಉಜ್ಜಿ ಮೂಗಿನ ತುದಿ ಹಸಿ ಗಾಯವಾಗಿತ್ತು. ಕೆಳಗೆ ಹಾಸಿದ್ದ ಪೇಪರನ್ನು ಅದು ತಂತಿಯ ಸಂದಿಯಿಂದ ಒಳಗೆ ಎಳೆದುಕೊಂಡು, ಸಣ್ಣಗೆ ಹರಿದು, ಒಂದು ಮೂಲೆಯಲ್ಲಿ ಗುಡ್ಡೆ ಮಾಡಿತ್ತು. ಮಲಗಲು ಹಾಸಿಗೆ ಮಾಡಿಕೊಂಡಿತ್ತು. ಆ ಪೇಪರ್ ಗುಡ್ಡೆ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಕೊಲ್ಲಬಾರದು ಅಂತಲೇ ಇಟ್ಟ ಬೋನು ಅದು.

ಮನೆಯ ಸಣ್ಣ ಇಲಿ ತೂಗುವುದು 15ರಿಂದ 20 ಗ್ರಾಂ. ಅಷ್ಟು ಚಿಕ್ಕ ಮೈಯಲ್ಲಿ ಬಿಸಿ ನಿಲ್ಲುವುದಿಲ್ಲ. ಹಾಗಾಗಿ ಅದು ಒಂದೇ ಸಲ ಹೊಟ್ಟೆ ತುಂಬಾ ತಿನ್ನುವುದಿಲ್ಲ, ರಾತ್ರಿಯಿಡೀ ಅಲ್ಲಿಷ್ಟು ಇಲ್ಲಿಷ್ಟು ಕಡಿಯುತ್ತಲೇ ಇರುತ್ತದೆ. ಬೋನಿನಲ್ಲಿ ಸಿಕ್ಕಿದಾಗ ಹೆದರಿಕೆಯಿಂದ ಒದ್ದಾಡಿ ಮೈ ಬೆವೆತಂತೆ ಒದ್ದೆಯಾಗುತ್ತದೆ, ಆಮೇಲೆ ಚಳಿ ಹಿಡಿಯುತ್ತದೆ. ನೀವು ತರಿಸಿದಂಥ ಪ್ಲಾಸ್ಟಿಕ್ ಬೋನಿನಲ್ಲಿ ಇನ್ನೂ ಒಂದು ತೊಂದರೆ. ಗಾಳಿ ಆಡುವ ತೂತು ಕಡಿಮೆ. ಬೆಳಗಿನ ಬಿಸಿಲು ಬೀಳುವ ಕಿಟಕಿ ಕೆಳಗೆ ಇಟ್ಟರೆ ಸ್ವಲ್ಪ ಹೊತ್ತಿಗೇ ಒಳಗೆ ಬೇಯುತ್ತದೆ. ರಾತ್ರಿ ಮಲಗುವ ಮುಂಚೆ ಒಂದು ಸಲ, ಬೆಳಗ್ಗೆ ಎದ್ದ ಕೂಡಲೇ ಒಂದು ಸಲ ನೋಡಲೇಬೇಕು. ನಡುವೆ ಎಚ್ಚರವಾದರೆ ಆಗಲೂ ನೋಡಿ. ಊರಿಗೆ ಹೋಗುವ ದಿನ ಬೋನು ಇಡಲೇಬೇಡಿ.

ಇಡುವ ಮುಂಚೆ ನಿಮ್ಮ ಮನೆಯಲ್ಲಿರುವುದು ಇಲಿಯೇನಾ ಅಂತ ಖಚಿತ ಮಾಡಿಕೊಳ್ಳಿ. ಉದ್ದ ಚೂಪು ಮೂಗು, ಕಂಡೂ ಕಾಣದಷ್ಟು ಸಣ್ಣ ಕಣ್ಣು, ಗೋಡೆ ಬದಿಯಲ್ಲಿ ಚಿಕ್ ಚಿಕ್ ಅಂತ ಸದ್ದು ಮಾಡುತ್ತಾ ಓಡುವುದು, ಹೋದ ಮೇಲೆ ಒಂಥರಾ ಘಾಟು ವಾಸನೆ ಉಳಿಯುವುದು, ಇವು ಸುಂಡಿಲಿಯ ಗುರುತು. ಸೊಂಡಿಲಿ ಅಂತಲೂ ಹೇಳುತ್ತಾರೆ. ಕೆಲವು ಊರುಗಳಲ್ಲಿ ಚಿಕ್ಕ ಇಲಿಗೂ ಇದೇ ಹೆಸರು ಇರುವುದರಿಂದ ಎರಡೂ ಒಂದೇ ಅಂದುಕೊಂಡವರು ಜಾಸ್ತಿ. ನಿಜಕ್ಕೂ ಇದು ಇಲಿಯ ಜಾತಿಯೇ ಅಲ್ಲ. ಜಿರಳೆ, ಹುಳುಹುಪ್ಪಟೆ ತಿಂದು ಬದುಕುವ ಪ್ರಾಣಿ. ಮರಿಗಳು ಒಂದರ ಹಿಂದೆ ಒಂದು ಕಚ್ಚಿ ಹಿಡಿದುಕೊಂಡು ತಾಯಿಯ ಹಿಂದೆ ರೈಲಿನ ಹಾಗೆ ಹೋಗುತ್ತವೆ. ನಿಮ್ಮ ಮಗ ನೋಡಿದರೆ ಮರೆಯುವುದಿಲ್ಲ. ಇದು ಹಸಿವು ತಡೆಯುವುದು ಇಲಿಗಿಂತಲೂ ಕಡಿಮೆ. ಬೋನಿನಲ್ಲಿ ಕೆಲವೇ ಗಂಟೆ ಇದ್ದರೂ ಸಾಯಬಹುದು. ಸಿಕ್ಕಿದರೆ ತಡ ಮಾಡದೆ ಹಿತ್ತಲಿಗೆ ಬಿಟ್ಟುಬಿಡಿ. ನಿಮ್ಮ ಅಕ್ಕಿ ಬೇಳೆಯ ಚೀಲಕ್ಕೆ ಬಾಯಿ ಹಾಕಿದ್ದು ಅದಲ್ಲ.

ಇಲಿ ಓಡಾಡುವ ದಾರಿ ಗೊತ್ತಾಗಲು ರಂಗೋಲಿ ಪುಡಿ ಸಾಕು. ರಾತ್ರಿ ಪಾತ್ರೆ ತೊಳೆದು ಕಟ್ಟೆ ಒರೆಸಿದ ಮೇಲೆ, ಗೋಡೆ ಬದಿಗೆ ಉದ್ದಕ್ಕೂ ತೆಳುವಾಗಿ ಉದುರಿಸಿ. ಬೆಳಗ್ಗೆ ಸಣ್ಣ ಹೆಜ್ಜೆ, ನಡುವೆ ಬಾಲ ಎಳೆದ ಗೆರೆ ಕಾಣುತ್ತದೆ. ಇಲಿ ಕೋಣೆಯ ನಡುವೆ ಓಡಾಡುವುದು ಕಡಿಮೆ. ಮೀಸೆಗೆ ಗೋಡೆ ತಾಗುತ್ತಿರಬೇಕು ಅದಕ್ಕೆ. ಗೂಡಿನಿಂದ ಸಾಮಾನ್ಯವಾಗಿ ಹತ್ತು ಮೀಟರಿನ ಆಚೆ ಹೋಗುವುದೂ ಅಪರೂಪ. ಹೆಜ್ಜೆ ಎಲ್ಲಿ ಜಾಸ್ತಿಯೋ ಅಲ್ಲಿ, ಗೋಡೆಗೆ ಒತ್ತಿ ಬೋನು ಇಡಿ. ಬಾಯಿ ಗೋಡೆಯುದ್ದಕ್ಕೆ ಇರಲಿ. ಮೊದಲ ಎರಡು ರಾತ್ರಿ ಬಾಗಿಲು ಬೀಳದಂತೆ ದಾರ ಕಟ್ಟಿ, ಸುಮ್ನೆ ತಿಂದುಕೊಂಡು ಹೋಗಲು ಬಿಡಿ. ಮೂರನೇ ರಾತ್ರಿ ದಾರ ಬಿಚ್ಚಿ. ತಿಂಡಿ ಏನು ಅಂತ ತಲೆ ಕೆಡಿಸಿಕೊಳ್ಳಬೇಡಿ. ಕೆಂಡದ ಮೇಲೋ ಒಲೆ ಮೇಲೋ ಸ್ವಲ್ಪ ಸುಟ್ಟ ಕೊಬ್ಬರಿ, ಕಡಲೆಬೀಜ, ನಿಪ್ಪಟ್ಟಿನ ಚೂರು, ಯಾವುದಾದರೂ ಆದೀತು. ವಾಸನೆ ಮುಖ್ಯ. ಜೊತೆಗೆ ಒಂದು ಹಿಡಿ ಹತ್ತಿ, ಒಂದು ಬಿಲ್ಲೆ ಸೌತೆಕಾಯಿ ಒಳಗೆ ಹಾಕಿ. ಹತ್ತಿ ಹಾಸಿಗೆಗೆ, ಸೌತೆಕಾಯಿ ನೀರಿಗೆ. ಬೋನಿನ ಮೇಲೆ ಒಂದು ಹಳೆ ಬಟ್ಟೆ ಮುಚ್ಚಿದರೆ ಕತ್ತಲೆಯಾಗಿ ಒದ್ದಾಟ ಕಡಿಮೆಯಾಗುತ್ತದೆ.

ಅಂಗಡಿಯ ತಂತಿ ಬೋನು ಬಹುಪಾಲು ಹೆಗ್ಗಣದ ಅಳತೆಯದು. ಸಂದಿ ದೊಡ್ಡದಿದ್ದರೆ ಸಣ್ಣ ಇಲಿ ತಿಂಡಿ ತಿಂದು ಸಂದಿಯಿಂದಲೇ ಹೊರಟುಹೋಗುತ್ತದೆ. ಕೊಳ್ಳುವಾಗ ಪೆನ್ಸಿಲ್ ತೂರಿಸಿ ನೋಡಿ. ತೂರಿದರೆ ಆ ಬೋನು ಬೇಡ.

ಈಗ ಅಂಟಿನ ಹಾಳೆಯ ವಿಷಯ. ನಿಮ್ಮ ಯಜಮಾನರನ್ನು ದೂರುವುದಿಲ್ಲ. ಅಂಗಡಿಯಲ್ಲಿ ಅದನ್ನು ಕೈಗೆ ಕೊಡುವವರು ಒಳಗೆ ಏನಾಗುತ್ತದೆ ಅಂತ ಹೇಳುವುದಿಲ್ಲ. ಇಲಿ ಅದರಲ್ಲಿ ಸಾಯುವುದು ಅಂಟಿನಿಂದಲ್ಲ. ಹಸಿವು, ಬಾಯಾರಿಕೆ, ಸುಸ್ತು, ಮೂಗು ಅಂಟಿಕೊಂಡರೆ ಉಸಿರುಕಟ್ಟಿ. ಒಂದು ದಿನಕ್ಕಿಂತ ಜಾಸ್ತಿಯೂ ಹಿಡಿಯಬಹುದು. ಬಿಡಿಸಿಕೊಳ್ಳಲು ತನ್ನ ಕಾಲನ್ನೇ ಕಚ್ಚಿಕೊಳ್ಳುವುದೂ ಉಂಟು. ಹಲ್ಲಿ, ಅಳಿಲು, ಗುಬ್ಬಿ ಕೂಡ ಅದರಲ್ಲಿ ಸಿಕ್ಕಿಬೀಳುತ್ತವೆ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಇದನ್ನು ತಡೆಯಬೇಕೆಂದು 2011ರಲ್ಲೇ ರಾಜ್ಯಗಳಿಗೆ ಬರೆದಿತ್ತು, 2020ರಲ್ಲಿ ಮತ್ತೆ ಬರೆಯಿತು. ಪ್ರಾಣಿಗಳಿಗೆ ಬೇಡದ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ನಿಮ್ಮ ಮನೆಯಲ್ಲಿ ಆ ರಾತ್ರಿ ಮಗುವಿಗೆ ನಿದ್ದೆ ಬರಲಿಲ್ಲ ಅಂದರೆ ಮಗುವಿಗೆ ವಿಷಯ ಸರಿಯಾಗಿ ಅರ್ಥವಾಗಿದೆ.

ಮುಂದೆ ಎಲ್ಲಾದರೂ ಅಂಟಿಗೆ ಸಿಕ್ಕಿದ ಜೀವ ಕಂಡರೆ ಎಳೆಯಬೇಡಿ, ಚರ್ಮ ಕಿತ್ತುಬರುತ್ತದೆ. ದಪ್ಪ ಕೈಗವಸು ಹಾಕಿಕೊಂಡು, ಮೈಮೇಲೆ ಒಂದು ಬಟ್ಟೆ ಹಾಕಿ, ಅಂಟಿದ ಜಾಗಕ್ಕೆ ಅಡುಗೆ ಎಣ್ಣೆ ಹನಿ ಹನಿಯಾಗಿ ಬಿಟ್ಟು ಬೆರಳಿನಿಂದ ಮೆಲ್ಲಗೆ ಸಡಿಲಿಸಿ. ಒಂದೊಂದೇ ಕಾಲು ಬಿಡುತ್ತದೆ. ನಿಮ್ಮಲ್ಲಿ ಉಳಿದಿರುವ ಹಾಳೆಗಳನ್ನು ಅಂಟಿಗೆ ಅಂಟು ಸೇರುವ ಹಾಗೆ ಮಡಚಿ ಕಸಕ್ಕೆ ಹಾಕಿ. ಬಿಡಿಯಾಗಿ ಎಸೆದರೆ ಹೊರಗೆ ಇನ್ಯಾವುದೋ ಹಕ್ಕಿಗೆ ಮೆತ್ತಿಕೊಳ್ಳುತ್ತದೆ.

ಇಲಿ ಪಾಷಾಣ ನೀವು ಕೇಳಿಲ್ಲ. ಆದರೂ ಮನೆಯಲ್ಲಿ ಚಿಕ್ಕ ಮಗುವಿದೆ, ಅದಕ್ಕೆ ಹೇಳುತ್ತೇನೆ. ಟ್ಯೂಬಿನಲ್ಲಿ ಬರುವ ಪೇಸ್ಟಿನಲ್ಲಿ ಹಳದಿ ರಂಜಕ ಇರುತ್ತದೆ. ಲಿವರನ್ನು ಹಾಳು ಮಾಡುವ ವಿಷ ಅದು, ಅದಕ್ಕೆಂದೇ ಇರುವ ಪ್ರತಿವಿಷ ಇಲ್ಲ. ಬಿಲ್ಲೆಯ ರೂಪದಲ್ಲಿ ಬರುವ ಇನ್ನೊಂದು ಬಗೆಯದು ರಕ್ತ ಹೆಪ್ಪುಗಟ್ಟದಂತೆ ಮಾಡಿ ದಿನಗಟ್ಟಲೆ ಒಳಗೊಳಗೇ ರಕ್ತ ಸುರಿಸಿ ಕೊಲ್ಲುತ್ತದೆ. ಹಾಗೆ ತೂಕಡಿಸುತ್ತಿರುವ ಇಲಿಯನ್ನು ಗೂಬೆಯೋ ಬೆಕ್ಕೋ ತಿಂದರೆ ಅದಕ್ಕೂ ವಿಷ ಏರುತ್ತದೆ. ಈ ಎರಡೂ ಮನೆಗೆ ಬೇಡ.

ಒಂದು ಮಾತು ಕೆಲವು ಓದುಗರಿಗೆ ಹಿಡಿಸದಿರಬಹುದು. ಬೆಳಗ್ಗೆ ರಾತ್ರಿ ಬೋನು ನೋಡಲು ಯಾರಿಗೂ ಪುರುಸೊತ್ತಿಲ್ಲದ ಮನೆಯಲ್ಲಿ, ಗಟ್ಟಿ ಸ್ಪ್ರಿಂಗ್ ಇರುವ, ಬಡಿದ ಕ್ಷಣಕ್ಕೇ ಕೊಲ್ಲುವ ಇಲಿ ಕತ್ತರಿಯೇ ಮೇಲು. ಮರೆತುಹೋದ ಬೋನಿನಲ್ಲಿ ಎರಡು ದಿನ ಸಾಯುವುದಕ್ಕಿಂತ ಅದು ಕಡಿಮೆ ಹಿಂಸೆ. ನನ್ನ ಸ್ಟೋರ್ ರೂಮಿನ ಆ ಇಲಿಯನ್ನು ನೋಡಿದ ಮೇಲೆ ಇದನ್ನು ಹೇಳದೆ ಇರಲಾರೆ. ನಿಮ್ಮ ಮನೆಯಲ್ಲಿ ನೋಡುವವರು ಮೂವರಿದ್ದಾರೆ, ನಿಮಗೆ ಬೋನೇ ಸರಿ.

ಇನ್ನು ನಿಮ್ಮ ಮಗನ ಪ್ರಶ್ನೆ. ಅವನು ಹೇಳಿದ್ದು ನಿಜವಿರಬಹುದು. ರಸ್ತೆ ದಾಟಿ ಎದುರಿನ ಸೈಟು ಅಂದರೆ ಇಲಿಗೆ ದೂರವೇ ಅಲ್ಲ. ದಾರಿ ಗೊತ್ತು, ಅನ್ನ ಇರುವ ಜಾಗ ಗೊತ್ತು, ಬಂದ ತೂತು ಇನ್ನೂ ತೆರೆದೇ ಇದೆ. ಯಾಕೆ ಬರಬಾರದು? ಖಚಿತವಾಗಿ ತಿಳಿಯಬೇಕಿದ್ದರೆ ಬೋನಿನ ಸಂದಿಯಿಂದ ಹತ್ತಿಕಡ್ಡಿಯಲ್ಲಿ ಬೆನ್ನಿಗೆ ಒಂದು ಬೊಟ್ಟು ಅಡುಗೆ ಬಣ್ಣ ಹಚ್ಚಿ ಬಿಡಿ, ಮಗನಿಗೆ ಉತ್ತರ ಸಿಗುತ್ತದೆ. ಆದರೆ ಬೇರೆ ಇಲಿಯೂ ಇರಬಹುದು. ಹೆಣ್ಣಿಲಿ ಸುಮಾರು 20 ದಿನಕ್ಕೆ ಮರಿ ಹಾಕುತ್ತದೆ, ಒಂದು ಸೂಲಿಗೆ ಐದಾರು ಮರಿ, ಆ ಮರಿಗಳು ಒಂದೂವರೆ ಎರಡು ತಿಂಗಳಿಗೆ ತಾವೇ ಮರಿ ಹಾಕಲು ತಯಾರು. ನಾಲ್ಕು ದಿನಕ್ಕೆ ಮೂರು ಸಿಕ್ಕಿದ್ದರೆ ಒಳಗೆ ಇನ್ನೂ ಇವೆ ಅಂತಲೇ ಲೆಕ್ಕ.

ಹಾಗಂತ ಸ್ಕೂಟರಿನಲ್ಲಿ ಐದಾರು ಕಿಲೋಮೀಟರ್ ದೂರ ಒಯ್ದು ಯಾರದೋ ಹೊಲದಲ್ಲಿ ಬಿಡಬೇಡಿ. ರೈತರಿಗೆ ಇಲಿ ಕಾಟ ಮೊದಲೇ ಸಾಕಷ್ಟಿದೆ. ಇಲಿಗೂ ಅದು ಒಳ್ಳೆಯದಲ್ಲ. ಹುಟ್ಟಿದಾಗಿನಿಂದ ಮನುಷ್ಯರ ಗೋಡೆ ಸಂದಿಯಲ್ಲಿ ಬದುಕಿದ ಪ್ರಾಣಿ ಅದು. ಗೊತ್ತಿಲ್ಲದ ಬಯಲಿನಲ್ಲಿ ಹಗಲು ಹೊತ್ತು ಬಿಟ್ಟರೆ ಕಾಗೆಗೋ ಗಿಡುಗಕ್ಕೋ ಆಹಾರವಾಗುತ್ತದೆ. ನನ್ನ ಸಲಹೆ ಇಷ್ಟು: ಮೊದಲು ತೂತು ಮುಚ್ಚಿ, ಆಮೇಲೆ ಅದೇ ಬೀದಿಯ ಆಸುಪಾಸಿನಲ್ಲಿ, ಕಲ್ಲಿನ ರಾಶಿಯೋ ಪೊದೆಯೋ ಇರುವ ಕಡೆ, ಕತ್ತಲಾಗುವ ಹೊತ್ತಿಗೆ ಬಿಡಿ. ಬೋನು ನೆಲಕ್ಕಿಟ್ಟು ಬಾಗಿಲು ತೆಗೆದು ಹಿಂದೆ ಸರಿಯಿರಿ. ಕೊಡವಬೇಡಿ. ಪಕ್ಕದಲ್ಲಿ ಒಂದು ಹಿಡಿ ಅಕ್ಕಿ ಹಾಕಿ ಬನ್ನಿ. ಬಿಟ್ಟ ಎಲ್ಲವೂ ಬದುಕುವುದಿಲ್ಲ. ಅಂಟಿನ ಹಾಳೆಯಲ್ಲಿ ಸಿಗದಿದ್ದ ಒಂದು ಅವಕಾಶ ಇಲ್ಲಿ ಸಿಗುತ್ತದೆ, ಅಷ್ಟೇ.

ಬೋನಿನಲ್ಲಿ ಸಿಕ್ಕಿದ್ದು ಬಾಣಂತಿ ಇಲಿಯಾ ಅಂತ ಒಮ್ಮೆ ನೋಡಿ. ಹೊಟ್ಟೆಯ ಮೇಲೆ ಕೂದಲು ಸವೆದು ಮೊಲೆತೊಟ್ಟು ಎದ್ದು ಕಾಣುತ್ತದೆ. ಹಾಗಿದ್ದರೆ ಮನೆಯೊಳಗೆ ಎಲ್ಲೋ ಕಣ್ಣು ಬಿಡದ ಮರಿಗಳಿವೆ. ತಾಯಿಯನ್ನು ದೂರ ಒಯ್ದರೆ ಅವು ಹಸಿದು ಸಾಯುತ್ತವೆ, ನಿಮಗೂ ನಾಲ್ಕು ದಿನಕ್ಕೆ ವಾಸನೆ ಶುರು. ಅದನ್ನು ಸಿಕ್ಕಿದ ಜಾಗದಲ್ಲೇ ಬಿಟ್ಟುಬಿಡಿ, ತೂತು ಮುಚ್ಚುವುದನ್ನೂ ಬೋನು ಇಡುವುದನ್ನೂ ಮೂರು ವಾರ ಮುಂದಕ್ಕೆ ಹಾಕಿ. ಅಷ್ಟರಲ್ಲಿ ಮರಿಗಳು ಹಾಲು ಬಿಡುತ್ತವೆ. ಅಲ್ಲಿಯವರೆಗೆ ದಿನಸಿ ಎಲ್ಲ ಸ್ಟೀಲ್ ಡಬ್ಬಿಯಲ್ಲಿರಲಿ. ಮೂರು ವಾರ ಇಲಿ ಸಾಕಬೇಕಾ ಅಂತ ಯಜಮಾನರು ಕೇಳಬಹುದು. ಕೇಳಿದರೆ ಈ ಉತ್ತರ ತೋರಿಸಿ.

ತೂತು ಹುಡುಕುವುದು ಒಂದು ಭಾನುವಾರದ ಕೆಲಸ. ಆರು ಮಿಲಿಮೀಟರ್ ಸಂದಿ ಇದ್ದರೆ ಸಣ್ಣ ಇಲಿ ನುಗ್ಗುತ್ತದೆ. ಇಲ್ಲೂ ಪೆನ್ಸಿಲ್ಲೇ ಅಳತೆ. ಸಿಂಕಿನ ಪೈಪು ಗೋಡೆಯೊಳಗೆ ಹೋಗುವ ಜಾಗ, ಹೊರಗಿಟ್ಟ ಸಿಲಿಂಡರಿನ ಟ್ಯೂಬು ಬರಲು ಕೊರೆದ ತೂತು, ಬಚ್ಚಲಿನ ಜಾಲರಿ, ಹಿತ್ತಲ ಬಾಗಿಲ ಕೆಳಗಿನ ಸಂದಿ, ಅಟ್ಟದಲ್ಲಿ ಗೋಡೆ ಮತ್ತು ಸೂರು ಸೇರುವ ಮೂಲೆ. ಟಾರ್ಚ್ ಹಿಡಿದು ಮಗನನ್ನೂ ಕರೆದುಕೊಂಡು ಹೋಗಿ, ಅವನ ಕಣ್ಣು ನೆಲಕ್ಕೆ ಹತ್ತಿರ ಇರುತ್ತದೆ. ಇಲಿ ಓಡಾಡುವ ತೂತಿನ ಅಂಚು ಎಣ್ಣೆ ಜಿಡ್ಡು ಹತ್ತಿದ ಹಾಗೆ ಕಪ್ಪಾಗಿರುತ್ತದೆ. ಪಾತ್ರೆ ಉಜ್ಜುವ ಸ್ಟೀಲ್ ನಾರನ್ನು ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟ್ ಮೆತ್ತಿ. ಬಟ್ಟೆ, ಥರ್ಮೋಕೋಲ್, ಪೇಪರ್ ತುರುಕಿದರೆ ಒಂದೇ ರಾತ್ರಿಯಲ್ಲಿ ಕಡಿದುಹಾಕುತ್ತವೆ. ಬಾಡಿಗೆ ಮನೆ ಅಂತ ಹಿಂಜರಿಯಬೇಡಿ, ಓನರಿಗೆ ಒಂದು ಮಾತು ಹೇಳಿ ಮಾಡಿ. ಹಾಗೇ ಗ್ಯಾಸ್ ಟ್ಯೂಬನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ. ಹಲ್ಲಿನ ಗುರುತು ಒಂದಿದ್ದರೂ ಅವತ್ತೇ ಬದಲಾಯಿಸಿ, ಒಳಗೆ ಉಕ್ಕಿನ ಹೆಣಿಗೆ ಇರುವ ಟ್ಯೂಬ್ ಹಾಕಿಸಿ. ಇದನ್ನು ಮಾತ್ರ ಭಾನುವಾರದ ತನಕ ಕಾಯಿಸಬೇಡಿ.

ಜೀರಿಗೆಯಂಥ ಕಪ್ಪು ಹಿಕ್ಕೆಯನ್ನು ಒಣದಾಗಿ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗವಸು ಹಾಕಿ ಒರೆಸಿ. ಬೋನನ್ನೂ ಪ್ರತಿ ಸಲ ಹೀಗೇ ತೊಳೆಯಿರಿ. ಇಲಿ ಜ್ವರ ಹರಡುವುದು ಇಲಿ ಮೂತ್ರದಿಂದ, ಕೈಯಲ್ಲಿ ಗಾಯ ಇದ್ದರೆ ಸುಲಭವಾಗಿ ಹತ್ತುತ್ತದೆ. ಮಳೆಗಾಲದಲ್ಲಿ ಮನೆಯಲ್ಲಿ ಯಾರಿಗಾದರೂ ಜೋರು ಜ್ವರ, ಮೀನಖಂಡದಲ್ಲಿ ನೋವು ಬಂದರೆ ಮನೆಯಲ್ಲಿ ಇಲಿ ಇತ್ತು ಅಂತ ಡಾಕ್ಟರಿಗೆ ಹೇಳಿ.

ತೂತು ಮುಚ್ಚಿದ ಮೇಲೂ ಒಂದು ವಾರ ಬೋನು ಇಡಿ, ಒಳಗೆ ಉಳಿದವು ಸಿಗಲಿ. ರಂಗೋಲಿ ಪುಡಿಯ ಮೇಲೆ ಮೂರು ದಿನ ಬೆಳಗ್ಗೆ ಹೆಜ್ಜೆ ಕಾಣದಿದ್ದರೆ ಸಾಕು. ಬೋನು ತೊಳೆದು ಬಿಸಿಲಿಗಿಟ್ಟು ಅಟ್ಟಕ್ಕೆ ಹಾಕಿ. ಹಾಕುವ ಮುಂಚೆ ಒಳಗಿನ ತಿಂಡಿ ತೆಗೆದು, ಬಾಗಿಲು ಮುಚ್ಚಿ, ತೆರೆಯದ ಹಾಗೆ ದಾರದಿಂದ ಬಿಗಿಯಾಗಿ ಕಟ್ಟಿಬಿಡಿ. ಯಾರೂ ನೋಡದ ಅಟ್ಟದಲ್ಲಿ ಯಾವ ಇಲಿಯೂ ಅದರೊಳಗೆ ಹೋಗಬಾರದು.