ಪೋವಿಸ್ ಕೋಟೆಯ ತೋಟದಲ್ಲಿ ಸ್ವಯಂಸೇವೆ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಕೃಷಿಕರ ಮನೆಯ ಮಗಳು. ಪತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಕೆಲಸವಿರುವುದರಿಂದ ಅವಲಂಬಿತರ ವೀಸಾದ ಮೇಲೆ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ನೆಲೆಸಿದ್ದೇನೆ. ಸಮೀಪದಲ್ಲೇ, ವೇಲ್ಸ್ ಗಡಿಯೊಳಗಿರುವ ಪೋವಿಸ್ ಕೋಟೆಯ ತೋಟದಲ್ಲಿ ವಾರಕ್ಕೊಂದು ದಿನ ಸ್ವಯಂಸೇವಕಿಯಾಗಿ ದುಡಿಯಬೇಕೆಂಬ ಆಸೆಯಿದೆ. ನನ್ನ ಬಳಿ ತೋಟಗಾರಿಕೆಯ ಪ್ರಮಾಣಪತ್ರವಿಲ್ಲ, ಇಲ್ಲಿನ ಗಿಡಗಳ ಹೆಸರೂ ತಿಳಿಯದು. ಅದಕ್ಕಿಂತ ದೊಡ್ಡ ಅಳುಕೆಂದರೆ, ಟಿಪ್ಪು ಸುಲ್ತಾನನ ಡೇರೆ ಅದೇ ಕೋಟೆಯಲ್ಲಿದೆ. ಅಂಥ ಮನೆಯ ಅಂಗಳದಲ್ಲಿ ನಾನು ಕೈಯಾರೆ ಸೇವೆ ಮಾಡುವುದು ಸರಿಯೇ? ಬೇಸಿಗೆಯಲ್ಲಿ ಅಮ್ಮ ಊರಿನಿಂದ ಬರುತ್ತಾರೆ. ಅವರೂ ನನ್ನೊಡನೆ ಬರಬಹುದೇ?
— ಓದುಗರೊಬ್ಬರು, ಶ್ರೂಸ್‌ಬರಿ

ಉತ್ತರ: ಪ್ರಮಾಣಪತ್ರದ ಚಿಂತೆಯನ್ನು ಮೊದಲು ಬಿಟ್ಟುಬಿಡಿ. ಪೋವಿಸ್ ಕೋಟೆ 1952ರಿಂದ, ಚಾರಿತ್ರಿಕ ಮನೆಗಳನ್ನೂ ತೋಟಗಳನ್ನೂ ಕಾಪಾಡುವ ದತ್ತಿ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. 1895ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ತೋಟಗಳು ಸಂಬಳದ ತೋಟಗಾರರ ಜೊತೆಗೆ ಸ್ವಯಂಸೇವಕರ ದುಡಿಮೆಯನ್ನೂ ನೆಚ್ಚಿಕೊಂಡಿವೆ. ಸ್ವಯಂಸೇವಕರಿಂದ ಅವರು ಬಯಸುವುದು ಪಾಂಡಿತ್ಯವನ್ನಲ್ಲ. ಗೊತ್ತುಪಡಿಸಿದ ದಿನ ತಪ್ಪದೆ ಬರುವುದನ್ನು, ಹೇಳಿದ್ದನ್ನು ಹೇಳಿದಂತೆ ಮಾಡುವುದನ್ನು, ಮಳೆ ಚಳಿಗೆ ಅಂಜದಿರುವುದನ್ನು. ಮಲೆನಾಡಿನ ಮಳೆಯಲ್ಲಿ ಬೆಳೆದವರಿಗೆ ಕೊನೆಯದನ್ನು ನಾನು ಹೇಳಿಕೊಡಬೇಕಾಗಿಲ್ಲ. ಟ್ರಸ್ಟಿನ ಜಾಲತಾಣದಲ್ಲಿ ಒಂದೊಂದು ಸ್ಥಳದ ಅವಕಾಶಗಳನ್ನೂ ಬೇರೆಬೇರೆಯಾಗಿ ಪ್ರಕಟಿಸುತ್ತಾರೆ. ಪೋವಿಸ್‌ನ ತೋಟದಲ್ಲಿ ಸದ್ಯ ಜಾಗವಿಲ್ಲದಿದ್ದರೂ ಆಸಕ್ತಿಯನ್ನು ಬರೆದು ತಿಳಿಸಿಡಿ.

ಕೆಲಸ ಹೇಗಿರುತ್ತದೆ ಎಂಬುದನ್ನು ತುಸು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿರಾಶೆ ಹುಟ್ಟುವುದು ಇಲ್ಲಿಯೇ. ಕಳೆ ಕೀಳುವುದು, ಬಾಡಿದ ಹೂಗಳನ್ನು ಚಿವುಟುವುದು, ಹುಲ್ಲುಹಾಸಿನ ಅಂಚನ್ನು ನೇರವಾಗಿ ಕತ್ತರಿಸುವುದು, ತರಗೆಲೆ ಗುಡಿಸುವುದು, ಪಾತಿಗಳಿಗೆ ಕಾಂಪೋಸ್ಟಿನ ಹೊದಿಕೆ ಹಾಕುವುದು: ಹೊಸಬರ ದಿನ ಇವುಗಳಲ್ಲೇ ಕಳೆಯುತ್ತದೆ. ಯಂತ್ರದ ಗರಗಸವನ್ನಾಗಲಿ ಕೀಟನಾಶಕದ ಸಿಂಪಡಣೆಯನ್ನಾಗಲಿ ತರಬೇತಿಯಿಲ್ಲದವರ ಕೈಗೆ ಕೊಡುವುದಿಲ್ಲ. ನಿಮ್ಮ ಮನೆಯ ತೋಟದಲ್ಲಿ ಯಾವ ಗಿಡವನ್ನು ಎಲ್ಲಿ ನೆಡಬೇಕೆಂಬುದು ನಿಮ್ಮ ಇಷ್ಟ. ಚಾರಿತ್ರಿಕ ತೋಟದಲ್ಲಿ ಅದನ್ನು ಹಳೆಯ ದಾಖಲೆಗಳು, ನಕ್ಷೆಗಳು ಮತ್ತು ಮುಖ್ಯ ತೋಟಗಾರರು ನಿರ್ಧರಿಸುತ್ತಾರೆ. ಯಾರೋ ಎಂದೋ ಕಂಡ ಕಲ್ಪನೆಯನ್ನು ಮುಂದಿನವರಿಗೆ ಕೆಡದಂತೆ ದಾಟಿಸುವುದೇ ಇಲ್ಲಿಯ ಕೆಲಸ. ಸ್ವಂತ ಅಭಿರುಚಿಯನ್ನು ಗೇಟಿನ ಹೊರಗೆ ಬಿಟ್ಟು ಬರಬಲ್ಲವರಿಗೆ ಮಾತ್ರ ಇದರಲ್ಲಿ ಸಂತೋಷವಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಪೋವಿಸ್‌ನಲ್ಲಿ ಆ ಮಾತಿಗೆ ಸಾಕ್ಷಿಯಾಗಿ ನಿಂತಿರುವವು ಯೂ ಎಂಬ, ಸೂಜಿಯಂಥ ಎಲೆಗಳ ನಿತ್ಯಹಸಿರು ಮರಗಳು. ಕೆಂಪು ಕಲ್ಲಿನ ಕೋಟೆಯ ಕೆಳಗೆ, ಬೆಟ್ಟದ ಇಳಿಜಾರಿನಲ್ಲಿ ಹದಿನೇಳನೆಯ ಶತಮಾನದ ಕೊನೆಯ ಹೊತ್ತಿಗೆ ಮೆಟ್ಟಿಲು ಮೆಟ್ಟಿಲಾಗಿ ಜಗಲಿಗಳನ್ನು ಕಡಿದು, ಅವುಗಳಲ್ಲಿ ನೆಟ್ಟ ಯೂ ಸಸಿಗಳನ್ನು ಆ ಕಾಲದ ಪದ್ಧತಿಯಂತೆ ಪುಟ್ಟ ಗೋಪುರಗಳಾಗಿ ಕತ್ತರಿಸಿಡುತ್ತಿದ್ದರು. ಮುಂದೆ ಬೆಳೆಯಲು ಬಿಟ್ಟದ್ದರಿಂದ ಅವು ಇಂದು ಮೋಡಗಳು ಒತ್ತೊತ್ತಾಗಿ ಕೂತಂತೆ ಕಾಣುವ ಬೃಹತ್ ಹಸಿರು ರಾಶಿಗಳಾಗಿವೆ. ಹೆಚ್ಚಿನ ಸೂಚಿಪರ್ಣಿ ಮರಗಳು ಹಳೆಯ ಕಾಂಡದಿಂದ ಮತ್ತೆ ಚಿಗುರುವುದಿಲ್ಲ, ಯೂ ಚಿಗುರುತ್ತದೆ. ಮುನ್ನೂರು ವರ್ಷಕ್ಕೂ ಮೀರಿ ಕತ್ತರಿಯನ್ನು ತಾಳಿಕೊಂಡು ಅದು ಉಳಿದಿರುವುದಕ್ಕೆ ಈ ಗುಣವೇ ಕಾರಣ. ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವ ಕಾಲ ಮುಗಿದ ಮೇಲೆ, ಬೇಸಿಗೆಯ ಕೊನೆಗೆ ಕತ್ತರಿಸುವ ಕೆಲಸ ಶುರುವಾದರೆ ಶರತ್ಕಾಲದವರೆಗೂ ನಡೆಯುತ್ತದೆ. ಎತ್ತರದಲ್ಲಿ ನಿಂತು ಕತ್ತರಿಸುವವರು ನುರಿತ ತೋಟಗಾರರು. ಕೆಳಗೆ ಬಿದ್ದ ಸೊಪ್ಪನ್ನು ಬಾಚಿ ಸಾಗಿಸಲು ಇಂಥ ಕಡೆಗಳಲ್ಲಿ ಹೆಚ್ಚಿನ ಕೈಗಳು ಬೇಕೇ ಬೇಕು. ಆ ಸೊಪ್ಪು ವಿಷ, ಬೀಜವೂ ವಿಷ. ಕೈಗವಸು ತೆಗೆದು ಕೈ ತೊಳೆಯದೆ ಬುತ್ತಿ ಬಿಚ್ಚಬೇಡಿ. ಕ್ಯಾನ್ಸರ್ ಚಿಕಿತ್ಸೆಯ ಕೆಲವು ಮುಖ್ಯ ಔಷಧಗಳ ಮೂಲವೂ ಇದೇ ಜಾತಿಯ ಮರಗಳು ಎಂಬುದನ್ನು ಆಸ್ಪತ್ರೆಯ ನಂಟಿರುವ ನಿಮಗೆ ತಿಳಿಸಲು ಇಷ್ಟಪಡುತ್ತೇನೆ.

ಇನ್ನು ನಿಮ್ಮ ಅಳುಕು. ಅದನ್ನು ಅತಿಭಾವುಕತೆ ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರ್ ಆಗಿದ್ದವನು ರಾಬರ್ಟ್ ಕ್ಲೈವನ ಮಗ ಎಡ್ವರ್ಡ್ ಕ್ಲೈವ್. ಅವನು 1784ರಲ್ಲಿ ಮದುವೆಯಾಗಿದ್ದ ಹೆನ್ರಿಯೆಟಾ ಹರ್ಬರ್ಟ್ ಪೋವಿಸ್ ಮನೆತನದ ಮಗಳು. 1800ರಲ್ಲಿ ಹೆಣ್ಣುಮಕ್ಕಳೊಡನೆ ಮೈಸೂರು ಸೀಮೆಯಲ್ಲಿ ಸಂಚರಿಸಿ ಶ್ರೀರಂಗಪಟ್ಟಣವನ್ನೂ ಕಂಡವಳು. ಹೂವಿನ ಚಿತ್ತಾರದ ಆ ಡೇರೆಯೂ ಟಿಪ್ಪುವಿನ ಸಿಂಹಾಸನದಲ್ಲಿದ್ದ ಚಿನ್ನದ ಹುಲಿಮೊಗವೊಂದೂ ಕೋಟೆಯನ್ನು ಸೇರಿದ್ದು ಈ ಕುಟುಂಬದ ಮೂಲಕ. ಜಗಲಿಗಳೂ ಯೂ ಮರಗಳೂ ಕ್ಲೈವ್ ನಂಟಿಗಿಂತ ಸುಮಾರು ನೂರು ವರ್ಷ ಹಳೆಯವು, ನಿಜ. ಆದರೆ ಸೊರಗಿದ್ದ ಆಸ್ತಿಯನ್ನು ಆಮೇಲೆ ಎತ್ತಿ ನಿಲ್ಲಿಸಿದ್ದು ಕ್ಲೈವರ ಸಂಪತ್ತು, ಆ ಸಂಪತ್ತಿನ ಬೇರು ಭಾರತದಲ್ಲಿದೆ. ತೋಟ ನಿರ್ದೋಷಿ, ಕೋಟೆ ಮಾತ್ರ ದೋಷಿ ಎಂದು ಗೆರೆ ಎಳೆಯಲು ಬರುವುದಿಲ್ಲ.

ಹಾಗಿದ್ದರೂ ನೀವು ಹೋಗಬೇಕೆಂದೇ ನನ್ನ ಸಲಹೆ. ತನ್ನ ಸ್ಥಳಗಳಿಗೆ ವಸಾಹತುಶಾಹಿಯೊಡನೆ ಮತ್ತು ಗುಲಾಮಗಿರಿಯೊಡನೆ ಇದ್ದ ಸಂಬಂಧಗಳ ಕುರಿತು ಟ್ರಸ್ಟ್ 2020ರಲ್ಲಿ ವರದಿ ಪ್ರಕಟಿಸಿ, 93 ಸ್ಥಳಗಳನ್ನು ಹೆಸರಿಸಿತು. ಅದಕ್ಕೆ ಅಲ್ಲಿ ಬಹಳ ವಿರೋಧವೂ ಬಂತು. ಅಂದರೆ ಈ ಚರ್ಚೆ ಇನ್ನೂ ಜೀವಂತವಾಗಿದೆ, ಅದರಲ್ಲಿ ನಮ್ಮವರ ದನಿ ತೀರ ಕಡಿಮೆ. ಹೈದರ ಅಲಿ ಆರಂಭಿಸಿ ಟಿಪ್ಪು ಬೆಳೆಸಿದ ಲಾಲ್‌ಬಾಗನ್ನು ಬಲ್ಲವರೊಬ್ಬರು ಅಲ್ಲಿನ ಪಾತಿಯ ಬಳಿ ಕೆಲಸ ಮಾಡುತ್ತಿದ್ದು, ಕೇಳಿದವರಿಗೆ ಶ್ರೀರಂಗಪಟ್ಟಣದ ಕಥೆಯನ್ನು ನಮ್ಮ ಕಡೆಯಿಂದ ಹೇಳಿದರೆ ಅದಕ್ಕೆ ಬೆಲೆಯಿದೆ. ಅರ್ಜಿ ಹಾಕುವ ಮೊದಲು ಒಮ್ಮೆ ಟಿಕೆಟ್ ಕೊಂಡು ಸಾಮಾನ್ಯ ಸಂದರ್ಶಕರಂತೆ ಒಳಗಿನ ಕ್ಲೈವ್ ಸಂಗ್ರಹವನ್ನು ನೋಡಿ ಬನ್ನಿ. ಅದನ್ನು ಕಂಡ ಮೇಲೆ ಕಾಲು ಹಿಂಜರಿದರೆ ಬೇರೆ ತೋಟಗಳಿವೆ, ಅದರಲ್ಲಿ ತಪ್ಪೇನೂ ಇಲ್ಲ. ಗಿಡಗಳ ಸಹವಾಸಕ್ಕಿಂತ ಜನರೊಡನೆ ಮಾತಾಡುವುದೇ ಇಷ್ಟವೆನಿಸಿದರೆ ಕೋಣೆಗಳಲ್ಲಿ ನಿಂತು ವಿವರಿಸುವ ಸ್ವಯಂಸೇವಕರ ಕೆಲಸವೂ ಇಂಥ ಮನೆಗಳಲ್ಲಿರುತ್ತದೆ.

ನೀವು ಸೇರಿದ್ದೇ ಆದರೆ ಕನಿಷ್ಠ ಒಂದು ವರ್ಷ ಬಿಡಬೇಡಿ. ನಾಲ್ಕೂ ಋತುಗಳನ್ನು ಕಂಡಾಗಲೇ ತೋಟದ ಲೆಕ್ಕಾಚಾರ ತಿಳಿಯುತ್ತದೆ, ಗಿಡಗಳ ಹೆಸರೂ ತಾನಾಗಿ ಬಾಯಿಗೆ ಬರುತ್ತದೆ. ಶ್ರೂಸ್‌ಬರಿಯಿಂದ ವೆಲ್ಷ್‌ಪೂಲಿಗೆ ರೈಲಿನಲ್ಲಿ ಅರ್ಧ ಗಂಟೆಯೊಳಗಿನ ಹಾದಿ, ಅಲ್ಲಿಂದ ಕೋಟೆಗೆ ನಡೆದೇ ಹೋಗಬಹುದು. ಪ್ರಯಾಣದ ಖರ್ಚು ಕೊಡುತ್ತಾರೆಯೇ ಎಂದು ಮೊದಲೇ ಕೇಳಲು ಸಂಕೋಚಪಡಬೇಡಿ. ಧನುರ್ವಾತದ ಚುಚ್ಚುಮದ್ದು ಹಾಕಿಸಿಕೊಂಡಿದ್ದೀರೆಂದು ಖಚಿತಪಡಿಸಿಕೊಳ್ಳಿ. ಇಳಿಜಾರು ಕಡಿದಾಗಿರುವುದರಿಂದ ಮಂಡಿನೋವಿದ್ದರೆ ಮುಚ್ಚಿಡದೆ ಹೇಳಿ, ಸಮತಟ್ಟಾದ ಜಾಗದಲ್ಲಿ ಕೆಲಸ ಕೇಳಿ.

ವೀಸಾದ ವಿಷಯ: ಅವಲಂಬಿತ ಸಂಗಾತಿಗೆ ಬ್ರಿಟನ್ನಿನಲ್ಲಿ ಸಂಬಳದ ಕೆಲಸಕ್ಕೂ ಅವಕಾಶವಿರುವುದರಿಂದ ನಿಮಗೆ ತೊಡಕಿಲ್ಲ. ಸಂದರ್ಶಕರ ವೀಸಾದ ಮೇಲೆ ಬರುವ ನಿಮ್ಮ ಅಮ್ಮ ನೋಂದಾಯಿತ ದತ್ತಿ ಸಂಸ್ಥೆಯೊಂದರಲ್ಲಿ ಒಟ್ಟು 30 ದಿನಗಳ ಮಿತಿಯೊಳಗೆ ಸ್ವಯಂಸೇವೆ ಮಾಡಬಹುದು. ನ್ಯಾಷನಲ್ ಟ್ರಸ್ಟ್ ಅಂಥದೇ ಸಂಸ್ಥೆ. ಆದರೆ ಅವರ ಪ್ರವಾಸದ ಮುಖ್ಯ ಉದ್ದೇಶ ಅದಾಗಿರಕೂಡದು, ಮತ್ತು ಅವರನ್ನು ಕರೆದೊಯ್ಯುವ ಮುನ್ನ ಮುಖ್ಯ ತೋಟಗಾರರ ಒಪ್ಪಿಗೆ ಪಡೆದಿರಬೇಕು.