ಹೃದಯದೊಳಗಿನ ಗಡ್ಡೆ ಬರೀ ಕೊಬ್ಬು ಎಂದು ಸ್ಕ್ಯಾನ್‌ನಲ್ಲೇ ಗೊತ್ತಾಗುತ್ತದಾ?

ನಿಮ್ಮ ತಾಯಿಯವರ ಎಕೋ ರಿಪೋರ್ಟಿನಲ್ಲಿ ಎರಡು ಹೃತ್ಕರ್ಣಗಳ ನಡುವಿನ ಗೋಡೆ ದಪ್ಪಗಿದೆ, ‘ಲೈಪೋಮಾ ಇರಬಹುದು’, ಅಂದರೆ ಕೊಬ್ಬಿನ ಗಡ್ಡೆ ಇರಬಹುದು ಎಂದಿದೆ. ಇದು ಕ್ಯಾನ್ಸರಾ, ಬಯಾಪ್ಸಿ ಬೇಕಾ ಎಂದು ಕೇಳಿದ್ದೀರಿ. ಹೃದಯದ ಸಿಟಿ, ಎಂಆರ್‌ಐ ಓದುವುದೇ ನನ್ನ ಕೆಲಸ. ಕೊಬ್ಬು ಹೌದೋ ಅಲ್ಲವೋ ಎಂಬುದನ್ನು ಸೂಜಿ ಚುಚ್ಚದೆ, ಚಿತ್ರ ನೋಡಿಯೇ ಬಹುಮಟ್ಟಿಗೆ ಧೈರ್ಯವಾಗಿ ಹೇಳಬಹುದು. ಹೆಚ್ಚಿನವರಿಗೆ ಬಯಾಪ್ಸಿಯ ಅಗತ್ಯವೇ ಬೀಳುವುದಿಲ್ಲ.

ಎಕೋ ಜಾಗ, ಗಾತ್ರ, ಅಲುಗಾಟ ತೋರಿಸುತ್ತದೆ. ಒಳಗಿರುವುದು ಏನು ಎಂದು ಖಚಿತವಾಗಿ ಹೇಳಲು ಅದೊಂದೇ ಸಾಲದು.

ಸಿಟಿಯಲ್ಲಿ ಗಡ್ಡೆಯ ಮೇಲೆ ಸಣ್ಣ ವೃತ್ತ ಎಳೆದರೆ ಅಲ್ಲಿನ ಸಾಂದ್ರತೆ ಹೌನ್ಸ್‌ಫೀಲ್ಡ್ ಯೂನಿಟ್‌ನಲ್ಲಿ ಬರುತ್ತದೆ. ನೀರು 0, ಕೊಬ್ಬು ಸುಮಾರು ಮೈನಸ್ 50ಕ್ಕಿಂತ ಕೆಳಗೆ. ಎಂಆರ್‌ಐನಲ್ಲಿ ನಾನು ಮೊದಲು ನೋಡುವುದು ಎದೆಯ ಚರ್ಮದಡಿಯ ಕೊಬ್ಬನ್ನು. ಟಿ1 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದೂ ಗಡ್ಡೆಯೂ ಒಂದೇ ಥರ ಬೆಳ್ಳಗಿರಬೇಕು; ಕೊಬ್ಬಿನ ಹೊಳಪನ್ನು ಮಾತ್ರ ಅಡಗಿಸುವ ‘ಫ್ಯಾಟ್ ಸಪ್ರೆಷನ್’ ಹಾಕಿದ ಕೂಡಲೇ ಎರಡೂ ಒಟ್ಟಿಗೇ ಕಪ್ಪಾಗಬೇಕು. ಕಾಂಟ್ರಾಸ್ಟ್ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಔಷಧ) ಕೊಟ್ಟಾಗ ಗಡ್ಡೆ ಅದನ್ನು ಹೀರಬಾರದು. ಒಂದು ಭಾಗ ಕಪ್ಪಾಗದೆ ಉಳಿದರೆ, ಒಳಗೆ ದಪ್ಪ ಗೆರೆಗಳಿದ್ದರೆ, ಕಾಂಟ್ರಾಸ್ಟ್ ಹೀರಿದರೆ ಲೈಪೋಸಾರ್ಕೋಮಾ ಎಂಬ ಕೊಬ್ಬಿನ ಕ್ಯಾನ್ಸರಿನ ಯೋಚನೆ ಮಾಡಬೇಕಾಗುತ್ತದೆ. ಹೃದಯದಲ್ಲಿ ಅದು ತೀರಾ ಅಪರೂಪ.

ನಿಮ್ಮ ತಾಯಿಯವರ ವಿಷಯದಲ್ಲಿ ಆಕಾರವೂ ಮುಖ್ಯ. ವಯಸ್ಸಾದವರಲ್ಲಿ, ಮೈಭಾರ ಹೆಚ್ಚಿರುವವರಲ್ಲಿ ಆ ಗೋಡೆಯಲ್ಲೇ ಕೊಬ್ಬು ತುಂಬಿಕೊಳ್ಳುವುದುಂಟು. ದಪ್ಪ 2 ಸೆಂಟಿಮೀಟರ್ ದಾಟಿದರೆ ‘ಲಿಪೊಮ್ಯಾಟಸ್ ಹೈಪರ್‌ಟ್ರೋಫಿ’ ಎನ್ನುತ್ತೇವೆ. ನಡುವಿನ ಫೋಸಾ ಓವಾಲಿಸ್ ಎಂಬ ತೆಳು ಭಾಗವನ್ನು ಕೊಬ್ಬು ಬಿಟ್ಟುಬಿಡುವುದರಿಂದ ಗೋಡೆ ಡಂಬೆಲ್‌ನಂತೆ ಕಾಣುತ್ತದೆ. ಲೈಪೋಮಾಕ್ಕೆ ಸುತ್ತ ಪೊರೆ ಇರುತ್ತದೆ, ಇದಕ್ಕಿಲ್ಲ. ನಿಜವಾದ ಅರ್ಥದಲ್ಲಿ ಇದು ಗಡ್ಡೆಯೂ ಅಲ್ಲ. ಇನ್ನೊಂದು ಮಾತು: ಇದರಲ್ಲಿ ಸಕ್ಕರೆ ಉರಿಸುವ ಕಂದು ಕೊಬ್ಬೂ ಇರುವುದರಿಂದ, ಸಕ್ಕರೆ ಹೀರುವ ಜಾಗಗಳನ್ನು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಕ್ಯಾನ್ಸರಿನಂತೆಯೇ ಹೊಳೆಯಬಹುದು. ಬೇರೆ ಕಾರಣಕ್ಕೆ ಪೆಟ್ ಮಾಡಿಸಿ, ಈ ಹೊಳಪು ಕಂಡು ಕಂಗಾಲಾಗುವವರಿದ್ದಾರೆ. ಅದೊಂದನ್ನೇ ನೋಡಿ ಕ್ಯಾನ್ಸರ್ ಎಂದುಕೊಳ್ಳಬೇಡಿ.

ತೊಂದರೆ ಇಲ್ಲದಿದ್ದರೆ ಸಾಮಾನ್ಯವಾಗಿ ಆಗಾಗ ನೋಡುತ್ತಿದ್ದರೆ ಸಾಕು. ಎದೆಬಡಿತ ತಪ್ಪುವುದು, ತಲೆಸುತ್ತು, ಉಸಿರುಗಟ್ಟುವುದು ಇದ್ದರೆ ಹೃದ್ರೋಗ ತಜ್ಞರಿಗೆ ಈಗಲೇ ಹೇಳಿ. ರಕ್ತದ ಹರಿವಿಗೆ ಅಡ್ಡ ಬರುತ್ತಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಎಂಆರ್‌ಐಗೆ ಹೋಗುವಾಗ ಪೇಸ್‌ಮೇಕರ್ ಅಥವಾ ಕಿಡ್ನಿ ತೊಂದರೆ ಇದ್ದರೆ ಮೊದಲೇ ತಿಳಿಸಿ, ಹಳೆಯ ಸ್ಕ್ಯಾನ್‌ಗಳ ಸಿಡಿ ಒಯ್ಯಿರಿ. ಫ್ಯಾಟ್ ಸಪ್ರೆಷನ್‌ನಲ್ಲಿ ಏನು ಕಂಡಿತು, ಕಾಂಟ್ರಾಸ್ಟ್ ಹೀರಿತೇ ಎಂಬುದು ರಿಪೋರ್ಟಿನಲ್ಲಿ ಇಲ್ಲದಿದ್ದರೆ ಸಂಕೋಚಪಡದೆ ಕೇಳಿ ಬರೆಸಿಕೊಳ್ಳಿ.