‘192 ಕಿಲೋಹರ್ಟ್ಸ್ ಐಆರ್‌ನಿಂದ ವಾಲ್ವ್ ಆಂಪ್‌ನ ಪೂರ್ಣ ನಾದ’ ಎಂಬ ಮಾತಿಗೆ ಅರ್ಥವಿದೆಯೇ?

ಪುಣೆಯ ಅಂಗಡಿಯಲ್ಲಿ ಗಿಟಾರ್ ಪ್ರೊಸೆಸರ್‌ನ, ಅಂದರೆ ಗಿಟಾರ್ ದನಿಯನ್ನು ಡಿಜಿಟಲ್ ಆಗಿ ಮಾರ್ಪಡಿಸುವ ಸಾಧನದ, ಡಬ್ಬಿಯ ಮೇಲೆ ಈ ಮಾತನ್ನು ನೋಡಿ ನೀವು ಕೇಳಿದ್ದೀರಿ. ಅದನ್ನು ನಂಬಿ ಹೆಚ್ಚು ಹಣ ಕೊಡಬೇಡಿ. ಇಂಪಲ್ಸ್ ರೆಸ್ಪಾನ್ಸ್, ಅಂದರೆ ಐಆರ್, ಸ್ಪೀಕರ್ ಕ್ಯಾಬಿನೆಟ್ ಮತ್ತು ಮೈಕ್ ಸೇರಿ ಯಾವ ಆವರ್ತನವನ್ನು ಎಷ್ಟು ಎತ್ತುತ್ತವೆ, ಎಷ್ಟು ತಗ್ಗಿಸುತ್ತವೆ, ಎಷ್ಟು ಹೊತ್ತು ಉಳಿಸುತ್ತವೆ ಎಂಬುದನ್ನು ದಾಖಲಿಸುತ್ತದೆ. ವಾಲ್ವ್ ಆಂಪ್ ಎಂದರೆ ನಿರ್ವಾತ ನಳಿಕೆಗಳನ್ನು (ವಾಲ್ವ್) ಬಳಸುವ ಆಂಪ್ಲಿಫೈಯರ್. ವಾಲ್ವ್‌ನಲ್ಲಿ ಹುಟ್ಟುವ ಡಿಸ್ಟಾರ್ಷನ್, ಅಂದರೆ ದನಿಯ ಒರಟು ಒಡಕು, ತಂತಿ ಮೀಟುವ ಬಲಕ್ಕೆ ತಕ್ಕಂತೆ ಬದಲಾಗುವುದರಿಂದ ಅದು ಐಆರ್‌ನಲ್ಲಿ ಸೆರೆಯಾಗುವುದಿಲ್ಲ, ಅದಕ್ಕೆ ಆಂಪ್‌ನ ವರ್ತನೆಯನ್ನು ಲೆಕ್ಕ ಹಾಕಿ ಅನುಕರಿಸುವ ಪ್ರತ್ಯೇಕ ಆಂಪ್ ಮಾಡೆಲ್ ಬೇಕು. ಸಾಮಾನ್ಯ ಗಿಟಾರ್ ಸ್ಪೀಕರ್‌ನ ದನಿ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಬೇಗನೆ ಕುಸಿಯುತ್ತದೆ. ಐಆರ್‌ನ 192 ಅಥವಾ 48 ಕಿಲೋಹರ್ಟ್ಸ್ ಎಂಬುದು ಸ್ಯಾಂಪಲಿಂಗ್ ದರ, ಅಂದರೆ ದನಿಯನ್ನು ಸೆಕೆಂಡಿಗೆ ಎಷ್ಟು ಸಾವಿರ ಬಾರಿ ಅಳೆಯಲಾಗುತ್ತದೆ ಎಂಬ ಲೆಕ್ಕ; ಅದರ ಅರ್ಧದವರೆಗಿನ ಆವರ್ತನಗಳನ್ನು ಹಿಡಿಯಬಹುದು. ಹಾಗಾಗಿ 24 ಕಿಲೋಹರ್ಟ್ಸ್‌ವರೆಗೆ ಹಿಡಿಯಬಲ್ಲ 48 ಕಿಲೋಹರ್ಟ್ಸ್ ಐಆರ್ ಧಾರಾಳವಾಗಿ ಸಾಕು. ಹೆಚ್ಚಿನ ಸ್ಯಾಂಪಲಿಂಗ್ ದರ ನಿಜವಾಗಿ ನೆರವಾಗುವುದು ಡಿಸ್ಟಾರ್ಷನ್ ಲೆಕ್ಕ ಹಾಕುವ ಹಂತದಲ್ಲಿ, ಏಕೆಂದರೆ ದರ ಸಾಲದಿದ್ದರೆ ಅಲ್ಲಿ ಹುಟ್ಟುವ ಮೇಲಿನ ಆವರ್ತನಗಳು ಮಡಚಿಕೊಂಡು ಕೆಳಗಿಳಿದು ಅಪಸ್ವರವಾಗಿ ಕೇಳಿಸುತ್ತವೆ.